ತೋಳ ಯಾರು? ನಿಮಗೆ 30 ಸೆಕೆಂಡ್ ಟೈಮ್!

ಅಪ್ಪ ರಿಟೈರ್ ಆಗಿ ಬೆಂಗಳೂರಿಗೆ ಬಂದು ಮೂರು ತಿಂಗಳಾಗಿತ್ತು. ಒಂದೇ ಮನೆ, ಎರಡು ಫೋನು. ಮಾತು ಅಂದ್ರೆ ‘ಊಟ ಆಯ್ತಾ?’, ‘ಗ್ಯಾಸ್ ಬುಕ್ ಮಾಡಿದ್ಯಾ?’ ಅಷ್ಟೇ. ಅಂಥದ್ರಲ್ಲಿ ಒಂದು ಶನಿವಾರ ರಾತ್ರಿ ಟಿವಿಯಲ್ಲಿ ಹಾಕಿದ್ದು 1974ರ ಬ್ರಿಟಿಷ್ ಚಿತ್ರ ‘ದಿ ಬೀಸ್ಟ್ ಮಸ್ಟ್ ಡೈ’.

ಕಥೆ ಸರಳ. ಶ್ರೀಮಂತ ಬೇಟೆಗಾರನೊಬ್ಬ ತನ್ನ ಬಂಗಲೆಗೆ ಅತಿಥಿಗಳನ್ನು ಕರೆಸುತ್ತಾನೆ. ಅವರಲ್ಲೊಬ್ಬರು ಹುಣ್ಣಿಮೆ ರಾತ್ರಿ ತೋಳವಾಗ್ತಾರೆ ಅನ್ನೋದು ಅವನ ನಂಬಿಕೆ. ಕಾಡಿನ ತುಂಬಾ ಕ್ಯಾಮೆರಾ, ಮೈಕು. ಕೈಯಲ್ಲಿ ಬಂದೂಕು, ಅದರಲ್ಲಿ ಬೆಳ್ಳಿ ಗುಂಡು.

ದೋಷಗಳಿಗೆ ಬರಗಾಲವಿಲ್ಲ. ಓಡಾಟದ ದೃಶ್ಯಗಳು ಮುಗಿಯೋದೇ ಇಲ್ಲ. ಭಯ ಹುಟ್ಟಬೇಕಾದಲ್ಲಿ ಎಪ್ಪತ್ತರ ದಶಕದ ಫಂಕ್ ಸಂಗೀತ. ಇನ್ನು ತೋಳ? ಕೂದಲು ಅಂಟಿಸಿದ ದೊಡ್ಡ ನಾಯಿ! ‘ನಮ್ಮ ಬೀದಿ ನಾಯಿನೇ ಇದಕ್ಕಿಂತ ಚೆನ್ನಾಗಿ ಹೆದರಿಸುತ್ತೆ ಕಣೋ’ ಅಂದ್ರು ಅಪ್ಪ.

ಆದ್ರೆ ಕ್ಲೈಮ್ಯಾಕ್ಸ್‌ಗೆ ಮುಂಚೆ ಸಿನಿಮಾ ನಿಂತುಬಿಡುತ್ತೆ. ಪರದೆ ಮೇಲೆ ಗಡಿಯಾರ, ಒಬ್ಬೊಬ್ಬರದೇ ಮುಖ. ತೋಳ ಯಾರು ಅಂತ ನಾವೇ ಹೇಳಬೇಕು, 30 ಸೆಕೆಂಡಲ್ಲಿ. ಇದು ನಿರ್ಮಾಪಕ ಮಿಲ್ಟನ್ ಸುಬೊಟ್ಸ್ಕಿಯ ಐಡಿಯಾ. ನಿರ್ದೇಶಕ ಪಾಲ್ ಆನೆಟ್‌ಗೆ ಇದು ಇಷ್ಟವಿರಲಿಲ್ಲ. ಶುದ್ಧ ಗಿಮಿಕ್, ಒಪ್ಕೋತೀನಿ.

ಆದ್ರೆ ಆ ಗಡಿಯಾರ ಶುರುವಾದ ಕೂಡಲೇ ಅಪ್ಪ ಫೋನ್ ಕೆಳಗಿಟ್ಟರು. ‘ಆ ಪ್ರೊಫೆಸರ್ರೇ. ತೋಳದ ಬಗ್ಗೆ ಅಷ್ಟೊಂದು ಗೊತ್ತಿರೋನು ಇನ್ಯಾರು?’ ಅವರು ಹೇಳಿದ್ದು ಪೀಟರ್ ಕುಶಿಂಗ್ ಪಾತ್ರವನ್ನ. ‘ಸ್ಟಾರ್ ವಾರ್ಸ್’ನಲ್ಲಿ ಟಾರ್ಕಿನ್ ಆಗಿದ್ದವರು ಇವರೇ. ನಾನು ಇನ್ನೊಂದು ಪಾತ್ರದ ಕಡೆ ಬೆರಳು ತೋರಿಸಿದೆ. ಟೈಮ್ ಮುಗೀತು, ಜಗಳ ಮುಗೀಲಿಲ್ಲ. ಸಿನಿಮಾ ಮುಗಿದ ಮೇಲೂ ಅರ್ಧ ಗಂಟೆ ‘ಆ ಸೀನಲ್ಲಿ ನೋಡು’ ಅಂತ ವಾದ. ಮೂರು ತಿಂಗಳಲ್ಲಿ ನಾವು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಒಳ್ಳೆ ಸಿನಿಮಾಗಳನ್ನ ನಾವು ಬಾಯಿ ಮುಚ್ಚಿಕೊಂಡು ನೋಡ್ತೀವಿ. ಈ ಸಾಧಾರಣ ಸಿನಿಮಾ ‘ನಿಮಗೇನನ್ಸುತ್ತೆ?’ ಅಂತ ಕೇಳಿತು. ನಾನು ಅಪ್ಪನಿಗೆ ಆ ಪ್ರಶ್ನೆ ಕೇಳಿ ಎಷ್ಟು ದಿನ ಆಗಿತ್ತೋ!

ನೀವೂ ನೋಡಿ, ಒಬ್ಬರೇ ಅಲ್ಲ, ಮನೆಯವರ ಜೊತೆ. ಉತ್ತರ ಮೊದಲೇ ಗೂಗಲ್ ಮಾಡಬೇಡಿ. ಗೆದ್ದಿದ್ದು ಅಪ್ಪನಾ, ನಾನಾ? ಅದನ್ನಂತೂ ಹೇಳಲ್ಲ.