ಎಣ್ಣಿ ಹಚ್ಚಿದ ಕಿಚ್ಚಿಗೆ ಗಂಧಕದ ಮದ್ದು?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ತುರ್ವಿಹಾಳದ ಸುತ್ತ ಕಣ್ಣು ಹಾಯುವವರೆಗೆ ಭತ್ತ. ಭತ್ತ ಬಂತೆಂದರೆ ಕಾಂಡಕೊರಕ, ಕಂದು ಜಿಗಿಹುಳು. ಹುಳು ಬಂತೆಂದರೆ ಬೆನ್ನಿಗೆ ಪಂಪು, ಎಣ್ಣಿ (ಅಂದರೆ ಕೀಟನಾಶಕ) ಹೊಡೆಯುವ ಕೆಲಸ! ಆ ಎಣ್ಣಿ ಮನುಷ್ಯನ ಮೈಗಿಳಿದಾಗ ಒಳಗೆ ಏನೆಲ್ಲ ನಡೆಯುತ್ತದೆ ಎಂಬ ಕಥೆ ಯಾವ ಪತ್ತೇದಾರಿ ಕಾದಂಬರಿಗೂ ಕಡಿಮೆಯದಲ್ಲ. ಅದರ ಎರಡು ಎಳೆಗಳು ಹೊರಬಿದ್ದದ್ದು ಒಂದೇ ವರ್ಷ: 1921.

ಆಸ್ಟ್ರಿಯಾದ ಆಟೊ ಲೋವಿ ಅವರಿಗೆ ನಿದ್ದೆಯಲ್ಲಿ ಒಂದು ಪ್ರಯೋಗ ಹೊಳೆಯಿತಂತೆ. ಎರಡು ಕಪ್ಪೆಗಳ ಗುಂಡಿಗೆ ತೆಗೆದು, ಒಂದರ ನರವನ್ನು ಕೆಣಕಿದರು, ಬಡಿತ ನಿಧಾನವಾಯಿತು. ಅದು ಮುಳುಗಿದ್ದ ದ್ರವವನ್ನು ಇನ್ನೊಂದಕ್ಕೆ ಹಾಕಿದರು. ಯಾರೂ ಮುಟ್ಟದ ಆ ಗುಂಡಿಗೆಯೂ ನಿಧಾನವಾಯಿತು! ನರಗಳು ರಾಸಾಯನಿಕದ ಮೂಲಕ ಸುದ್ದಿ ಮುಟ್ಟಿಸುತ್ತವೆ ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ಅದೇ 1921ರಲ್ಲಿ ಕೇಂಬ್ರಿಡ್ಜ್‌ನ ಫ್ರೆಡೆರಿಕ್ ಹಾಪ್ಕಿನ್ಸ್ ಜೀವಕೋಶದಿಂದ ಗಂಧಕವುಳ್ಳ ಪುಟ್ಟ ವಸ್ತುವೊಂದನ್ನು ಬೇರ್ಪಡಿಸಿ ಗ್ಲುಟಾಥಯೋನ್ ಎಂದು ಹೆಸರಿಟ್ಟರು.

ಇನ್ನೂ ಸೋಜಿಗ ಕೇಳಿ. 1936ರ ಡಿಸೆಂಬರಿನಲ್ಲಿ ಲೋವಿ ನೊಬೆಲ್ ಸ್ವೀಕರಿಸಿದರು. ಅದೇ ತಿಂಗಳು ಜರ್ಮನಿಯಲ್ಲಿ ಹುಳು ಕೊಲ್ಲುವ ಮದ್ದು ಹುಡುಕುತ್ತಿದ್ದ ಗೆರ್ಹಾರ್ಡ್ ಶ್ರೇಡರ್ ಕೈಯಲ್ಲಿ ಟ್ಯಾಬುನ್ ಎಂಬ ವಿಷ ತಯಾರಾಯಿತು. ಇಂದು ಗದ್ದೆಗೆ ಬೀಳುವ ಆರ್ಗನೋಫಾಸ್ಫೇಟ್ ಎಣ್ಣಿಗಳು ಅದೇ ವಂಶದವು!

ಅವು ಮಾಡುವ ಕೆಲಸವೇನು? ಅಸಿಟೈಲ್‌ಕೋಲಿನ್ ಗದ್ದೆಗೆ ಬಿಟ್ಟ ನೀರು ಎನ್ನಿ; ಸಾಕಾದೊಡನೆ ಅದನ್ನು ಬಸಿದು ತೆಗೆಯಲು ಒಂದು ಕಿಣ್ವವಿದೆ. ಅದರ ಒಂದೊಂದು ಅಣು ಸೆಕೆಂಡಿಗೆ ಸಾವಿರಾರು ಅಸಿಟೈಲ್‌ಕೋಲಿನ್ ಅಣುಗಳನ್ನು ಒಡೆಯುತ್ತದೆ. ಎಣ್ಣಿ ಆ ಕಿಣ್ವದ ಕೈ ಕಟ್ಟುತ್ತದೆ. ಜೊಲ್ಲು, ಬೆವರು, ಕಣ್ಣೀರು ಒಟ್ಟಿಗೇ ಉಕ್ಕುತ್ತವೆ. ಪಾಪೆ ಚುಕ್ಕೆಯಾಗುತ್ತದೆ, ಶ್ವಾಸಕೋಶ ದ್ರವದಿಂದ ತುಂಬುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ತೀರಿಕೊಂಡರಲ್ಲ, ಅದು ಇಂಥದ್ದೇ ಎಣ್ಣಿ: ಮೊನೊಕ್ರೊಟೊಫಾಸ್.

ಇದಕ್ಕೆ ಮೊದಲ ಮದ್ದು ಅಟ್ರೋಪಿನ್. ದತ್ತೂರಿ ಗಿಡದಲ್ಲೂ ಇರುವ ವಸ್ತು, ಬಲ್ಲ ವೈದ್ಯರ ಕೈಯಲ್ಲಿ ಮಾತ್ರ ಮದ್ದು. ಜೊತೆಗೆ ಕಿಣ್ವದ ಕಟ್ಟು ಬಿಚ್ಚಲೆಂದು 1955ರಲ್ಲಿ ಇರ್ವಿನ್ ವಿಲ್ಸನ್ ರೂಪಿಸಿದ ಪಾಮ್ ಎಂಬ ಔಷಧ, ಉಸಿರಿಗೆ ವೆಂಟಿಲೇಟರ್. ಕಥೆ ಮುಗಿಯಿತೇ? ಇಲ್ಲ!

ವಿಷವೇರಿದವರ ರಕ್ತ ಪರೀಕ್ಷಿಸಿದ ಸಂಶೋಧಕರಿಗೆ ಎರಡನೆಯದೊಂದು ದಾಳಿ ಕಂಡಿತು. ಆಮ್ಲಜನಕದ ಪುಂಡ ಅಣುಗಳು ಜೀವಕೋಶದ ಪೊರೆಯ ಕೊಬ್ಬನ್ನೇ ಕೆಡಿಸುತ್ತಿದ್ದವು. ಅವನ್ನು ತಣಿಸುವ ಗ್ಲುಟಾಥಯೋನ್, ಹಾಪ್ಕಿನ್ಸ್ ಕಂಡ ಅದೇ ಗ್ಲುಟಾಥಯೋನ್, ಖರ್ಚಾಗುತ್ತ ಬಂದಿತ್ತು! ಅಟ್ರೋಪಿನ್‌ಗೆ ಈ ಕಿಚ್ಚು ಆರಿಸುವ ಕೆಲಸ ಬಾರದು. ಹಾಗಾದರೆ ಯಾರಿಗೆ ಬರುತ್ತದೆ?

ಉತ್ತರ ಔಷಧಿ ಅಂಗಡಿಯಲ್ಲೇ ಕೂತಿತ್ತು! ಕಫ ಕರಗಿಸಲು ಕೊಡುವ, ಕೊಳೆತ ಮೊಟ್ಟೆಯ ವಾಸನೆಯ ಎನ್-ಅಸಿಟೈಲ್‌ಸಿಸ್ಟೀನ್. 1970ರ ದಶಕದಿಂದ ಪ್ಯಾರಾಸಿಟಮಾಲ್ ಮಿತಿಮೀರಿದವರ ಯಕೃತ್ತನ್ನು ಕಾಯುತ್ತ ಬಂದದ್ದೂ ಇದೇ. ಅದು ಕೊಡುವ ಗಂಧಕದ ಸರಕಿನಿಂದ ದೇಹ ತನ್ನ ಗ್ಲುಟಾಥಯೋನನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಂದರೆ ಕಿಚ್ಚು ಆರಿಸುವುದು ಮದ್ದಲ್ಲ, ನಮ್ಮ ಮೈಯೇ! ಇರಾನ್ ಮತ್ತು ಈಜಿಪ್ಟಿನ ವೈದ್ಯರು ಎಂದಿನ ಚಿಕಿತ್ಸೆಯ ಜೊತೆಗೆ ಇದನ್ನೂ ಕೊಟ್ಟು ನೋಡಿದರು. ಆ ರೋಗಿಗಳಿಗೆ ಬೇಕಾದ ಅಟ್ರೋಪಿನ್ ಕಡಿಮೆಯಾಯಿತು.

ಬೆರಗು ದೊಡ್ಡದು, ಪುರಾವೆ ಇನ್ನೂ ಚಿಕ್ಕದು. ಆ ಪ್ರಯೋಗಗಳಲ್ಲಿದ್ದವರು ಹತ್ತಾರು ಮಂದಿಯಷ್ಟೇ. ಸಾವು ತಗ್ಗುತ್ತದೆಂದು ಖಚಿತವಾಗಿ ಹೇಳಲು ದೊಡ್ಡ ಪರೀಕ್ಷೆಗಳೇ ಬೇಕು. ಎಣ್ಣಿಯ ಸಂಕಟ ದಿನನಿತ್ಯ ಕಾಣುವ ಕಲ್ಯಾಣ ಕರ್ನಾಟಕದ ಆಸ್ಪತ್ರೆಗಳಿಗಿಂತ ಅದಕ್ಕೆ ತಕ್ಕ ಜಾಗ ಯಾವುದು? ಏನೇ ಆದರೂ ಇದು ಜೊತೆಮದ್ದು, ಅಟ್ರೋಪಿನ್‌ಗೆ ಬದಲಿಯಲ್ಲ. ಮನೆಯಲ್ಲಿ ಗುಳಿಗೆ ನುಂಗಿಸಿ ಕಾಯುವ ವಿಷಯವಂತೂ ಅಲ್ಲವೇ ಅಲ್ಲ.

ಎಣ್ಣಿ ಮೈಗೆ ಬಿದ್ದರೆ ಬಟ್ಟೆ ಕಳಚಿ ಸೋಪುನೀರಲ್ಲಿ ತೊಳೆಯಿರಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ. ಮನಸ್ಸು ಕುಸಿದ ಯಾರೇ ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇದ್ದರೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.