ಲಾಲಾರಸದಿಂದ ರೋಗನಿರ್ಣಯ

ಸಾಂಕ್ರಾಮಿಕ ಜಾಡ್ಯಗಳ ಕಾಲದಲ್ಲಿ ಜನರು ರೋಗಕ್ಕಿಂತಲೂ ರೋಗಪರೀಕ್ಷೆಗೆ ಹೆಚ್ಚಾಗಿ ಅಂಜುವುದು ನಮ್ಮ ನಾಡಿಗೆ ಹೊಸ ಸಂಗತಿಯಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ತಪಾಸಣೆಗೂ ಪ್ರತ್ಯೇಕವಾಸಕ್ಕೂ ಹೆದರಿ ರೋಗಿಗಳನ್ನು ಮರೆಮಾಡಿದವರುಂಟು. ೨೦೨೦ರಲ್ಲಿ ಕೋವಿಡ್ ವ್ಯಾಪಿಸಿದಾಗಲೂ ‘ಗಂಟಲ ದ್ರವ’ದ ಪರೀಕ್ಷೆಯೆಂದೊಡನೆ ಹಿಂದೆ ಸರಿದವರು ಅನೇಕರು. ಮೂಗಿನ ಆಳಕ್ಕೆ ಕಡ್ಡಿಯನ್ನು ತೂರಿಸಿಕೊಳ್ಳುವುದು ಯಾರಿಗೂ ಪ್ರಿಯವಾದ ಅನುಭವವಲ್ಲ. ಈ ಅಂಜಿಕೆಯನ್ನು ಅಜ್ಞಾನವೆಂದು ಜರೆಯುವುದು ಸುಲಭ. ಆದರೆ ಅದನ್ನು ಕಳೆಯತಕ್ಕ ಉಪಾಯವು ಕೈಯಲ್ಲಿದ್ದೂ ಬಳಸದಿರುವುದು ಅದಕ್ಕಿಂತಲೂ ದೊಡ್ಡ ಅಜ್ಞಾನವೆಂದು ನಾವು ಭಾವಿಸುತ್ತೇವೆ. ಆ ಉಪಾಯವೇ ಲಾಲಾರಸದ, ಎಂದರೆ ಬಾಯಿಯ ಉಗುಳಿನ, ಪರೀಕ್ಷೆ.

ಈ ವಿಷಯವು ತುಮಕೂರಿನ ಸಮೀಪದ ವಸಂತನರಸಾಪುರದಂತಹ ಸ್ಥಳಗಳಿಗೆ ಎಷ್ಟು ಮುಖ್ಯವಾದುದೆಂಬುದನ್ನು ವಾಚಕರು ಯೋಚಿಸಬೇಕು. ೨೦೧೪ರ ಸೆಪ್ಟೆಂಬರ್ ೨೪ರಂದು ಪ್ರಧಾನಮಂತ್ರಿಗಳು ಅಲ್ಲಿ ಫುಡ್ ಪಾರ್ಕನ್ನು ಉದ್ಘಾಟಿಸಿದರು. ೨೦೨೦ರ ಡಿಸೆಂಬರ್ ೩೦ರಂದು, ಚೆನ್ನೈ-ಬೆಂಗಳೂರು ಕೈಗಾರಿಕಾ ಕಾರಿಡಾರಿನ ಅಂಗವಾಗಿ ತುಮಕೂರಿನ ಕೈಗಾರಿಕಾ ಕ್ಷೇತ್ರಕ್ಕೆ ಕೇಂದ್ರ ಮಂತ್ರಿಮಂಡಲವು ಸಮ್ಮತಿ ನೀಡಿತು. ಒಂದೇ ಬಸ್ಸಿನಲ್ಲಿ ಬಂದು, ಒಂದೇ ಛಾವಣಿಯ ಕೆಳಗೆ ದುಡಿದು, ಒಂದೇ ಕೊಠಡಿಯಲ್ಲಿ ನಾಲ್ಕಾರು ಮಂದಿ ಮಲಗುವ ಕೂಲಿಕಾರರಲ್ಲಿ ಒಬ್ಬನಿಗೆ ಕೆಮ್ಮು ಜ್ವರಗಳು ಬಂದರೆ, ಅದು ಅವನೊಬ್ಬನ ಕಾಯಿಲೆಯಾಗಿ ಉಳಿಯುವುದಿಲ್ಲ. ಸಂಜೆಯ ಬಸ್ಸಿನೊಡನೆ ಸುತ್ತಣ ಹಳ್ಳಿಗಳ ಮುದುಕರವರೆಗೂ ಅದು ತಲಪುತ್ತದೆ.

ವೈರಾಣುಗಳು ಲಾಲಾರಸಕ್ಕೆ ಬರುವುದು ಹೇಗೆ? ಮೂಗು ಗಂಟಲುಗಳ ಸ್ರಾವವು ಬಾಯಿಗೆ ಇಳಿಯುವುದು ಒಂದು ದಾರಿ. ಕೋವಿಡ್ಡಿನಲ್ಲಿ ಲಾಲಾಗ್ರಂಥಿಗಳ ಜೀವಕೋಶಗಳಿಗೇ ಸೋಂಕು ತಗಲುವುದು ಮತ್ತೊಂದು. ೨೦೨೦ರ ಫೆಬ್ರವರಿಯಲ್ಲಿಯೇ ಹಾಂಗ್‌ಕಾಂಗಿನ ವಿದ್ವಾಂಸರು ೧೨ ಮಂದಿ ರೋಗಿಗಳಲ್ಲಿ ೧೧ ಮಂದಿಯ ಲಾಲಾರಸದಲ್ಲಿ ವೈರಾಣುವನ್ನು ಕಂಡುದಾಗಿ ಪ್ರಕಟಿಸಿದರು. ಅದೇ ವರ್ಷ ಆಗಸ್ಟ್ ೧೫ರಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರ ‘ಸಲೈವಾ ಡೈರೆಕ್ಟ್’ ಎಂಬ ವಿಧಾನಕ್ಕೆ ಅಲ್ಲಿನ ಸರ್ಕಾರದ ತುರ್ತು ಅನುಮತಿ ದೊರೆಯಿತು. ಉಗುಳಿಗೆ ಪ್ರೋಟೀನನ್ನು ಕರಗಿಸುವ ಒಂದು ಕಿಣ್ವವನ್ನು ಬೆರೆಸಿ, ಕಾಯಿಸಿ, ನೇರವಾಗಿ ಆರ್‌ಟಿ-ಪಿಸಿಆರ್ ಪರೀಕ್ಷೆಗೆ ಒಡ್ಡುವುದೇ ಅದರ ಕ್ರಮ. ಬೆಲೆಬಾಳುವ ಸಾಮಗ್ರಿಯೂ ಕಾಲವೂ ಇದರಿಂದ ಉಳಿಯುತ್ತವೆ.

ನಮ್ಮ ದೇಶವೂ ಈ ವಿಷಯದಲ್ಲಿ ಹಿಂದುಳಿಯಲಿಲ್ಲವೆಂಬುದು ಸಂತೋಷದ ಮಾತು. ನಾಗಪುರದ ರಾಷ್ಟ್ರೀಯ ಪರಿಸರ ತಾಂತ್ರಿಕ ಸಂಶೋಧನಾಲಯವಾದ ‘ನೀರಿ’ಯು ರೂಪಿಸಿದ ಉಪ್ಪುನೀರು ಮುಕ್ಕಳಿಸುವ ವಿಧಾನಕ್ಕೆ ೨೦೨೧ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ಒಪ್ಪಿಗೆ ಕೊಟ್ಟಿತು. ಕೊಳವೆಯಲ್ಲಿರುವ ಉಪ್ಪುನೀರನ್ನು ಬಾಯಿಗೆ ಹಾಕಿಕೊಂಡು, ೧೫ ಸೆಕೆಂಡು ಗಂಟಲಲ್ಲಿ ಗಳಗಳಿಸಿ, ಅದೇ ಕೊಳವೆಗೆ ಉಗುಳಿದರಾಯಿತು. ಇದು ಬರಿಯ ಲಾಲಾರಸವಲ್ಲದಿದ್ದರೂ ಅದಕ್ಕೆ ಹತ್ತಿರದ್ದೇ. ಗಂಟಲ ನೋವಿಗೆ ಉಪ್ಪುನೀರು ಮುಕ್ಕಳಿಸುವುದನ್ನು ಅರಿತ ನಮ್ಮ ಜನರಿಗೆ ಇದನ್ನು ಕಲಿಸಲು ಉಪಾಧ್ಯಾಯರೇ ಬೇಕಾಗಿಲ್ಲ.

ಇದರ ವಿಶ್ವಾಸಾರ್ಹತೆ ಎಷ್ಟೆಂದು ಅಧಿಕಾರಿವರ್ಗದವರು ಕೇಳುವುದು ನ್ಯಾಯವೇ ಸರಿ. ೧೬ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೨೧ರ ಜನವರಿಯಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ನಿಜವಾದ ಸೋಂಕನ್ನು ಲಾಲಾರಸವು ನೂರಕ್ಕೆ ೮೩.೨ರಷ್ಟೂ ಮೂಗಿನ ಕಡ್ಡಿಯು ೮೪.೮ರಷ್ಟೂ ಪತ್ತೆಮಾಡಿದುವು. ಈ ಅಲ್ಪ ವ್ಯತ್ಯಾಸಕ್ಕಾಗಿ ಸುಲಭೋಪಾಯವನ್ನು ತಳ್ಳಿಹಾಕುವುದು ವಿವೇಕವಲ್ಲ. ಏಕೆಂದರೆ ಪರೀಕ್ಷೆಗೇ ಬಾರದವನಲ್ಲಿ ಅತ್ಯುತ್ತಮವಾದ ಕಡ್ಡಿಯೂ ಏನನ್ನೂ ಪತ್ತೆಮಾಡಲಾರದು. ಇದಲ್ಲದೆ, ಮಾದರಿಯನ್ನು ತಾನೇ ಕೊಡುವ ರೋಗಿಯ ಕೆಮ್ಮು ಸೀನುಗಳಿಗೆ ದಾದಿಯು ಮುಖವೊಡ್ಡಬೇಕಾಗಿಲ್ಲ.

ಆದರೂ ಅತಿಶಯೋಕ್ತಿಗೆ ನಾವು ಆಸ್ಪದಕೊಡುವುದಿಲ್ಲ. ಎಳೆಯ ಮಕ್ಕಳಿಂದಲೂ, ಬಾಯೊಣಗಿ ನಿಶ್ಶಕ್ತರಾದ ರೋಗಿಗಳಿಂದಲೂ ಸಾಕಷ್ಟು ಉಗುಳು ದೊರೆಯುವುದು ಕಷ್ಟ. ಎದೆಯಿಂದ ಕೆಮ್ಮಿ ತೆಗೆದ ಕಫವು ಬೇರೆ, ಲಾಲಾರಸವು ಬೇರೆ. ಇನ್‌ಫ್ಲುಯೆಂಜಾ ಮುಂತಾದ ಇತರ ವೈರಾಣುಗಳೂ ಉಗುಳಿನಲ್ಲಿ ಸಿಕ್ಕುವುದುಂಟಾದರೂ, ಒಂದೊಂದಕ್ಕೂ ಪ್ರಯೋಗಶಾಲೆಯು ತನ್ನ ವಿಧಾನವನ್ನು ಪ್ರತ್ಯೇಕವಾಗಿ ಒರೆಗೆ ಹಚ್ಚಬೇಕು. ಮಾದರಿ ಕೊಡುವುದಕ್ಕೆ ಮುಂಚೆ ಅರ್ಧ ಗಂಟೆಯ ಕಾಲ ಊಟ, ಕಾಫಿ, ಬೀಡಿಗಳನ್ನು ಬಿಡಬೇಕು. ಗುಬ್ಬಿ, ತುಮಕೂರಿನಂತಹ ಅಡಿಕೆಯ ಸೀಮೆಯಲ್ಲಿ, ಎಲೆಯಡಿಕೆ ಹೊಗೆಸೊಪ್ಪುಗಳನ್ನೂ ಬಿಡಬೇಕೆಂದು ಸ್ಪಷ್ಟವಾಗಿ ಹೇಳುವುದು ಅವಶ್ಯಕ.

ಇಷ್ಟಾದರೂ ಒಂದು ಅಂಜಿಕೆ ಉಳಿಯುತ್ತದೆ. ಅದು ಮೂಗಿನದಲ್ಲ, ಹೊಟ್ಟೆಯದು. ಸೋಂಕು ಇದೆಯೆಂದು ತಿಳಿದರೆ ಕೂಲಿ ಹೋಗುವುದೆಂದು ಬಲ್ಲವನು ಕೊಳವೆಗೆ ಉಗುಳಲೂ ಒಪ್ಪನು. ೧೯೪೮ರ ಕಾನೂನಿನಿಂದ ಮೊದಲಾದ ಕಾರ್ಮಿಕರ ರಾಜ್ಯ ವಿಮಾ ಯೋಜನೆಯು ಕಾಯಿಲೆಯ ದಿನಗಳಿಗೆ ವೇತನದ ಒಂದು ಭಾಗವನ್ನು ಕೊಡುವುದಾದರೂ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನಿಗೆ ಆ ಹಕ್ಕು ಒಡನೆಯೇ ಬಾರದು. ಆದುದರಿಂದ ಕಾರ್ಖಾನೆಯ ಮಾಲೀಕರು ಪರೀಕ್ಷೆಯ ಜೊತೆಗೆ ಕೂಲಿಸಹಿತ ವಿಶ್ರಾಂತಿಯನ್ನೂ ಘೋಷಿಸಬೇಕು. ಜಿಲ್ಲೆಯ ಆರೋಗ್ಯಾಧಿಕಾರಿಗಳು ಕೈಗಾರಿಕಾ ಪ್ರದೇಶದಲ್ಲಿಯೇ ಮಾದರಿ ಸಂಗ್ರಹಿಸುವ ಏರ್ಪಾಟನ್ನು ರೋಗವಿಲ್ಲದ ಈ ಕಾಲದಲ್ಲಿಯೇ ಗೊತ್ತುಮಾಡಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದವರಿಗೆ ನೀರು ಸಿಕ್ಕಿದ್ದಿಲ್ಲ.