ಹಳ್ಳೂರಿನ ಬೋಕಿ, ಕ್ಯೋಟೊದ ಕಪ್ಪು

ಹಿರೇಕೆರೂರು ಸೀಮೆಯ ಹಳ್ಳೂರಿನಲ್ಲಿ, ತುಂಗಭದ್ರೆಯ ದಂಡೆಗೆ, ಸುಮಾರು 6 ಮೀಟರ್ ಎತ್ತರದ ಒಂದು ದಿಬ್ಬವಿದೆ. 1965ರಲ್ಲಿ ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದರು. ಕೆಳಗಿನ ಪದರಗಳಲ್ಲಿ ಸಿಕ್ಕಿದ್ದು ನವಶಿಲಾಯುಗದ ರೈತರ ಬೂದುಬಣ್ಣದ ಮಡಕೆಗಳು, ತೀರಿಹೋದ ಮಕ್ಕಳನ್ನು ಇಟ್ಟು ಹೂತ ಗಡಿಗೆಗಳು. ಮೇಲೆ ಬಂದಂತೆ ಕಬ್ಬಿಣ ಕಾಣಿಸಿಕೊಂಡಿತು. ಅದರ ಜೊತೆಗೇ ಬೇರೊಂದು ಬಗೆಯ ಪಾತ್ರೆಯೂ ಬಂತು: ಒಳಮೈ ಮತ್ತು ಬಾಯಿಯ ಸುತ್ತ ಕಡುಗಪ್ಪು, ಉಳಿದ ಹೊರಮೈಯೆಲ್ಲ ಕೆಂಪು. ಕೆಲವದರ ಮೇಲೆ ಬಿಳಿ ಗೆರೆಗಳ ಚಿತ್ತಾರವೂ ಉಂಟು. ಇದೇ ಸೀಮೆಯ ತಡಕನಹಳ್ಳಿಯಲ್ಲೂ ಇಂಥವು ದೊರೆತಿವೆ. ಕಾಲ, ಕ್ರಿ.ಪೂ. 1000ದ ಆಸುಪಾಸು.

ಆ ಪಾತ್ರೆಗಳ ಕಪ್ಪಾಗಲಿ ಕೆಂಪಾಗಲಿ ಬಳಿದ ಬಣ್ಣವಲ್ಲ. ಒಂದೇ ಮಣ್ಣಿನ ಮುದ್ದೆ, ಒಂದೇ ತಿಗರಿ, ಆದರೂ ಎರಡು ಬಣ್ಣ. ಬಣ್ಣ ಹಚ್ಚಿದ್ದು ಗಾಳಿ.

ನಮ್ಮ ಕೆರೆಯಂಗಳದ ಜೇಡಿಮಣ್ಣಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಕೆಲವು ಪಾಲು ಕಬ್ಬಿಣದ ಸಂಯುಕ್ತಗಳಿರುತ್ತವೆ. ಆವಿಗೆಯೊಳಗೆ ಗಾಳಿ ಧಾರಾಳವಾಗಿ ಆಡಿದರೆ ಆ ಕಬ್ಬಿಣ ಆಮ್ಲಜನಕವನ್ನು ತುಂಬಾ ಹಿಡಿದುಕೊಂಡು ಹೆಮಟೈಟ್ ಆಗುತ್ತದೆ. ಮಡಕೆಯ ಕೆಂಪು ಇದೇ. ಗಾಳಿ ಸಾಲದಾದರೆ ಉರುವಲು ಪೂರ್ತಿ ಸುಡದೆ ಹೊಗೆ ಮತ್ತು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತವೆ. ಈ ಅನಿಲ ಆಮ್ಲಜನಕಕ್ಕಾಗಿ ಹಸಿದಿರುತ್ತದೆ. ಕಬ್ಬಿಣದ ಆಕ್ಸೈಡಿನಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ. ಆಗ ಕೆಂಪು ಅಳಿದು ಬೂದು, ಕಪ್ಪು ಛಾಯೆ ಮೂಡುತ್ತದೆ. ಜೊತೆಗೆ ಹೊಗೆಯ ಇಂಗಾಲ ಅತಿ ಸಣ್ಣ ಕಣಗಳಾಗಿ ಮಣ್ಣಿನ ರಂಧ್ರಗಳೊಳಗೆ ಹೊಕ್ಕು ಕೂರುತ್ತದೆ. ಕಡುಗಪ್ಪಿಗೆ ಬಹುಮಟ್ಟಿಗೆ ಇದೇ ಕಾರಣ. ಇಂಗಾಲ ಕೊಳೆಯುವುದಿಲ್ಲ, ನೀರಿಗೆ ಕರಗುವುದಿಲ್ಲ. ಹಾಗಾಗಿ ಮೂರು ಸಾವಿರ ಮಳೆಗಾಲ ಕಳೆದರೂ ಆ ಕಪ್ಪು ಮಾಸಿಲ್ಲ. ಆದರೆ ಅಂಥ ಬೋಕಿಯೊಂದನ್ನು ಗಾಳಿಯಾಡುವ ಕುಲುಮೆಯಲ್ಲಿಟ್ಟು 700 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮತ್ತೆ ಕಾಯಿಸಿದರೆ ಇಂಗಾಲ ಉರಿದುಹೋಗಿ ಕಪ್ಪು ಭಾಗವೂ ಕೆಂಪಗಾಗುತ್ತದೆ. ಪ್ರಯೋಗಾಲಯಗಳಲ್ಲಿ ಹಳೆಯ ಮಡಕೆಗಳನ್ನು ಹೀಗೆ ಮರುಸುಟ್ಟು ನೋಡುವ ಪದ್ಧತಿಯಿದೆ.

ಹಾಗಾದರೆ ಒಂದೇ ಪಾತ್ರೆಯ ಒಳಗೆ ಒಂದು ಹವೆ, ಹೊರಗೆ ಇನ್ನೊಂದು ಹವೆ ಇರುವಂತೆ ಮಾಡಿದ್ದು ಹೇಗೆ? ಪಾತ್ರೆಗಳನ್ನು ಬಾಯಿ ಕೆಳಗಾಗಿ ಹೊಟ್ಟು, ಬೂದಿಯಲ್ಲಿ ಊರಿ ಸುಟ್ಟರು, ಒಳಗೆ ಗಾಳಿ ಹೋಗದೆ ಹೊಗೆ ತುಂಬಿತು, ಹೊರಮೈಗೆ ಗಾಳಿ ತಾಗಿತು ಎಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಮೊದಲು ಕೆಂಪಗೆ ಸುಟ್ಟು, ಆಮೇಲೆ ಎರಡನೆಯ ಸಲ ಹೊಗೆ ಕುಡಿಸಿದರು ಎನ್ನುವವರೂ ಇದ್ದಾರೆ. ಎರಡೂ ವಿಧಾನದಲ್ಲಿ ಪ್ರಯೋಗ ಮಾಡಿದವರಿಗೆ ಕಪ್ಪು-ಕೆಂಪು ಪಾತ್ರೆ ದಕ್ಕಿದೆ. ಯಾವ ದಾರಿಯಲ್ಲಿ ನಡೆದಿದ್ದರೂ ಇದು ಆಕಸ್ಮಿಕವಾಗಿ ಒದಗುವ ಫಲವಲ್ಲ. ಬೆಂಕಿ ಯಾವ ಹೊತ್ತಿಗೆ ಉಸಿರಾಡಬೇಕು, ಯಾವ ಹೊತ್ತಿಗೆ ಅದರ ಉಸಿರು ಕಟ್ಟಬೇಕು ಎಂಬುದು ಆ ಕುಂಬಾರರಿಗೆ ಚೆನ್ನಾಗಿ ತಿಳಿದಿತ್ತು. ಇಲ್ಲದಿದ್ದರೆ ಪಾತ್ರೆಯ ಮೇಲೆ ಪಾತ್ರೆ, ತಲೆಮಾರಿನ ಮೇಲೆ ತಲೆಮಾರು ಹಾಗೇ ಬರುತ್ತಿರಲಿಲ್ಲ.

ಈ ವಿದ್ಯೆ ಜಪಾನಿಗೂ ಹೊಸದಲ್ಲ. ಕ್ರಿ.ಶ. 6ನೆಯ ಶತಮಾನದ ಸುಮಾರಿಗೆ ಅಲ್ಲಿ ಒಳಮೈಯನ್ನು ಉಜ್ಜಿ, ಹೊಗೆಯಿಂದ ಕಪ್ಪಾಗಿಸಿ, ಹೊರಮೈಯನ್ನು ಕಂದುಗೆಂಪಾಗಿ ಬಿಟ್ಟ ಬಟ್ಟಲುಗಳು ಬಳಕೆಗೆ ಬಂದವು. ಹಳ್ಳೂರಿಗೂ ಅವಕ್ಕೂ ನಂಟು ಕಟ್ಟುವಂತಿಲ್ಲ. ಮಣ್ಣಿನ ಕಬ್ಬಿಣ ಮತ್ತು ಬೆಂಕಿಯ ಗಾಳಿ ಎಲ್ಲ ಕಡೆಯೂ ಒಂದೇ ನಿಯಮಕ್ಕೆ ಬದ್ಧ, ಅಷ್ಟೆ. ನನಗೆ ಹೆಚ್ಚು ಸೋಜಿಗ ಅನ್ನಿಸುವುದು ಮುಂದಿನ ಕಥೆ. ಕ್ಯೋಟೊದ ಯಾಗಿ ಕಾಜುಒ ಎಂಬ ಕಲಾವಿದ 1948ರಲ್ಲಿ ಗೆಳೆಯರೊಡನೆ ‘ಸೋದೇಶಾ’ ಎಂಬ ಬಳಗ ಕಟ್ಟಿದ. 1954ರಲ್ಲಿ ‘ಝಾಮ್ಸಾ ಮಹಾಶಯರ ಸಂಚಾರ’ ಎಂಬ ಕೃತಿ ಮಾಡಿದ. ಅದರಲ್ಲಿ ನೀರು ಹಾಕಲಾಗದು, ಹೂ ಇಡಲಾಗದು. ತಿಗರಿಯಿಂದ ಎಬ್ಬಿಸಿದ ಮಣ್ಣು ಶುದ್ಧ ಶಿಲ್ಪವಾಗಿ ನಿಂತಿತ್ತು. ಜಪಾನಿನ ಆಧುನಿಕ ಮಣ್ಣಿನ ಕಲೆಗೆ ಹೊಸ ಬಾಗಿಲು ತೆರೆದದ್ದು ಆ ಕೃತಿ. ಇಷ್ಟು ಹೊಸತನದ ಈ ಮನುಷ್ಯ ಮುಂದೆ ಕೈಗೆತ್ತಿಕೊಂಡದ್ದು ಗಾಜುಲೇಪವಿಲ್ಲದ, ಕಡಿಮೆ ಶಾಖದಲ್ಲಿ ಹೊಗೆ ಕುಡಿಸಿ ಕಪ್ಪಾಗಿಸುವ ಹಳೆಯ ವಿಧಾನವನ್ನು! ಅವನ ಕಪ್ಪು ಶಿಲ್ಪಗಳ ರಂಧ್ರಗಳಲ್ಲಿ ಕೂತದ್ದೂ ಹಳ್ಳೂರಿನ ಬೋಕಿಯಲ್ಲಿರುವಂಥದೇ ಇಂಗಾಲ.

ಜಪಾನಿನ ಬಿಜೆನ್ ಕುಂಬಾರರದು ಇನ್ನೊಂದು ದಾರಿ. ಅವರದೂ ಲೇಪವಿಲ್ಲದ ಮಣ್ಣೇ, ಆದರೆ ಪೈನ್ ಕಟ್ಟಿಗೆ ಒಟ್ಟಿ ಹತ್ತಾರು ದಿನ ಸುಡುತ್ತಾರೆ, ಶಾಖ 1200 ಡಿಗ್ರಿ ದಾಟುತ್ತದೆ. ಪಾತ್ರೆಗಳು ಒಂದಕ್ಕೊಂದು ಅಂಟದಿರಲೆಂದು ನಡುವೆ ಭತ್ತದ ಹುಲ್ಲು ಸುತ್ತುತ್ತಿದ್ದರು. ಹುಲ್ಲು ತಾಗಿದಲ್ಲೆಲ್ಲ ಬೆಂಕಿಗೆಂಪು ಗೆರೆ! ಒಕಾಯಾಮಾದ ರಸಾಯನವಿಜ್ಞಾನಿಗಳು ಈ ಗೆರೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಹುಲ್ಲಿನ ಪೊಟ್ಯಾಸಿಯಮ್ ಮಣ್ಣಿನ ಮೇಲ್ಮೈಯನ್ನು ತುಸು ಕರಗಿಸುತ್ತದೆ. ಆ ದ್ರವದಲ್ಲಿ ಮೊದಲು ಕುರುಂದದ ಹರಳುಗಳು ಹುಟ್ಟುತ್ತವೆ. ಮೆಲ್ಲಗೆ ಆರುವಾಗ ಅವುಗಳ ಸುತ್ತ ಹೆಮಟೈಟ್ ಬೆಳೆಯುತ್ತದೆ. ಅಲ್ಲೂ ಕೆಂಪಿನ ಮೂಲ ಕಬ್ಬಿಣವೇ. ಆರಿಸುವ ವೇಗ ಬದಲಾದರೆ ಬಣ್ಣವೂ ಬೇರೆ. ಭತ್ತ ಬೆಳೆಯುವ ಹಾನಗಲ್ಲಿನ ಹುಲ್ಲು, ನಮ್ಮ ಕೆರೆಯ ಮಣ್ಣು ಕೂಡಿಸಿ ಯಾರಾದರೂ ಈ ಪ್ರಯೋಗ ಮಾಡಿ ನೋಡಬೇಕು ಎಂಬ ಆಸೆ ನನ್ನದು. ನಮ್ಮ ಮಣ್ಣು ಅಷ್ಟು ಶಾಖ ತಾಳುವುದು ಕಷ್ಟ. ಕಬ್ಬಿಣ ಹೆಚ್ಚಿರುವ ಜೇಡಿ 1100 ಡಿಗ್ರಿಯ ಆಚೀಚೆಗೇ ಉಬ್ಬಿ, ಕುಸಿಯತೊಡಗುತ್ತದೆ. ಬಯಲಿನ ಆವಿಗೆಯ ಶಾಖವಂತೂ ಸಾಮಾನ್ಯವಾಗಿ 600ರಿಂದ 850 ಡಿಗ್ರಿ ಅಷ್ಟೇ. ಅಷ್ಟಕ್ಕೇ ಮಣ್ಣಿನ ಕಣಗಳೊಳಗೆ ಬಂಧಿಯಾಗಿದ್ದ ನೀರು ಹೊರಬಿದ್ದು, ಮತ್ತೆಂದೂ ಕೆಸರಾಗದ ಗಡಿಗೆ ಸಿದ್ಧವಾಗುತ್ತದೆ. ರಂಧ್ರಗಳು ತೆರೆದೇ ಇರುವುದರಿಂದ ನೀರು ಜಿನುಗಿ, ಆವಿಯಾಗಿ, ಒಳಗಿನದು ತಂಪಾಗಿರುತ್ತದೆ. ಸವಣೂರು, ಶಿಗ್ಗಾವಿಯ ಬೇಸಿಗೆಯಲ್ಲಿ ಹರವಿಯ ನೀರು ಕುಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಸರ್ವಜ್ಞನ ತಾಯಿ ಕುಂಬಾರರ ಮಾಳಿ ಎಂದು ಈ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಆದರೂ ಕುಂಬಾರನ ಕಸುಬನ್ನು ನಾವು ವಿಜ್ಞಾನವೆಂದು ಎಣಿಸಿದ್ದು ಕಡಿಮೆ. ಜಪಾನ್ 1950ರಲ್ಲಿ ಕಾನೂನು ಮಾಡಿ, ಅದರಡಿ ಕೈಕಸುಬಿನ ಹಿರಿಯರನ್ನು ದೇಶದ ಆಸ್ತಿಯಾಗಿ ಗುರುತಿಸತೊಡಗಿತು. 1955ರಲ್ಲಿ ಮಾಶಿಕೊ ಊರಿನ ಹಮಾದಾ ಶೋಜಿಗೆ, ಮರುವರ್ಷ ಬಿಜೆನ್‌ನ ಕಾನೆಶಿಗೆ ತೋಯೊಗೆ ಆ ಗೌರವ ಸಂದಿತು. ಅವರ ಊರುಗಳಲ್ಲಿ ಇಂದಿಗೂ ಆವಿಗೆಗಳು ಉರಿಯುತ್ತಿವೆ.

ಹಳ್ಳೂರಿನ ಪದರಗಳು ಇನ್ನೊಂದು ಸಂಗತಿಯನ್ನೂ ಮುಂದಿಡುತ್ತವೆ. ದಕ್ಷಿಣ ಭಾರತದಲ್ಲಿ ಕಬ್ಬಿಣ ಬಲು ಮೊದಲೇ ಕಾಣಿಸಿದ ನೆಲೆಗಳಲ್ಲಿ ಇದೂ ಒಂದು. ಅದಿರಿನಿಂದ ಕಬ್ಬಿಣ ತೆಗೆಯುವುದೆಂದರೆ ಗಾಳಿಯನ್ನು ಹಿಡಿತದಲ್ಲಿಟ್ಟು, ಇದ್ದಲಿನಿಂದ ಹುಟ್ಟಿದ ಕಾರ್ಬನ್ ಮಾನಾಕ್ಸೈಡಿನಿಂದ ಆಕ್ಸೈಡಿನ ಆಮ್ಲಜನಕ ಕೀಳಿಸುವುದು. ಮಡಕೆಯ ಒಳಮೈಯಲ್ಲಿ ನಡೆದದ್ದೂ ಅದೇ ಕ್ರಿಯೆ. ಕುಲುಮೆಯಲ್ಲಿ ಶಾಖ ಇನ್ನೂ ಮುನ್ನೂರು, ನಾನೂರು ಡಿಗ್ರಿ ಹೆಚ್ಚು ಬೇಕು. ಕುಂಬಾರ ಕಮ್ಮಾರನಿಗೆ ಕಲಿಸಿದನೆಂದು ಬೋಕಿಯೊಂದನ್ನೇ ಹಿಡಿದು ಸಾಧಿಸಲಾಗದು. ಆದರೆ ನವಶಿಲಾಯುಗದ ಬೂದುಬಣ್ಣದ ಮಡಕೆಗಳೂ ಗಾಳಿ ಕಟ್ಟಿ ಸುಟ್ಟವೇ, ಮತ್ತು ಅವು ಅದೇ ದಿಬ್ಬದಲ್ಲಿ, ಕಬ್ಬಿಣಕ್ಕಿಂತ ಕೆಳಗಿನ ಪದರಗಳಲ್ಲಿವೆ.